ಕುತ್ತಿಗೆ ಲಟಿಕೆ ತೆಗೆಸಿದರೆ ತಲೆನೋವು ಹೋಗುತ್ತದೆಯೇ?

ಕಟಿಂಗ್ ಮುಗಿದ ಮೇಲೆ ಅಂಗಡಿಯವರು ತಲೆಗೆ ಎಣ್ಣೆ ತಟ್ಟುತ್ತಾರೆ. ಗದ್ದ ಹಿಡಿದು ಕುತ್ತಿಗೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಥಟ್ಟನೆ ತಿರುವುತ್ತಾರೆ. ಲಟಕ್ ಎಂದು ಸದ್ದು ಬರುತ್ತದೆ. ಕುರ್ಚಿಯಲ್ಲಿದ್ದವರು 'ಹಗುರಾತು ನೋಡ್ರಿ' ಎನ್ನುತ್ತಾರೆ. 'ಹಳೆಯ ತಲೆನೋವು ಒಂದೇ ನಿಮಿಷದಲ್ಲಿ ಮಾಯ' ಎಂಬ ಸಾಲಿನೊಂದಿಗೆ ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು.

ಇದು ನಿಜವೇ? ಮೊದಲೇ ಹೇಳಿಬಿಡುತ್ತೇವೆ: ಸ್ನಾಯು ಬಿಗಿದು ಬಂದ ನೋವಿಗೆ ಆ ಸ್ನಾಯುವನ್ನು ಮೆಲ್ಲಗೆ ಸಡಿಲಿಸಿದರೆ ಉಪಯೋಗವುಂಟು. ಆದರೆ ಕುತ್ತಿಗೆಯನ್ನು ಥಟ್ಟನೆ ತಿರುವಿಸುವುದು ಬೇಡವೇ ಬೇಡ.

ದವಡೆಯ ನೋವು ತಲೆಗೆ ಏರುವುದು ಹೇಗೆ?

ತಲೆನೋವು ಅಪರೂಪದ ತೊಂದರೆಯಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ವಿಚಾರಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿತ್ತು ಎಂದವರು ಶೇ. 64ರಷ್ಟಿದ್ದರು. ಪೇಟೆಯವರಿಗಿಂತ ಹಳ್ಳಿಯವರಲ್ಲೇ ಇದು ಹೆಚ್ಚು.

ಎಲ್ಲ ತಲೆನೋವೂ ತಲೆಯೊಳಗೆ ಹುಟ್ಟುವುದಿಲ್ಲ. ಮುಖ ಮತ್ತು ದವಡೆಯ ನರ, ಕುತ್ತಿಗೆಯ ಮೇಲ್ಭಾಗದ ನರಗಳು ಮಿದುಳಿನ ಬುಡದಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಎರಡು ದಾರಿ ಒಂದೇ ಅಗಸಿಯಲ್ಲಿ ಕೂಡಿದರೆ, ಬಂದವರು ಯಾವ ದಾರಿಯವರು ಎಂದು ಒಳಗಿದ್ದವರಿಗೆ ತಿಳಿಯುವುದಿಲ್ಲ. ಹಾಗೆಯೇ ಕುತ್ತಿಗೆಯಲ್ಲಿ ಹುಟ್ಟಿದ ನೋವು ಹಣೆಯಲ್ಲಿ, ದವಡೆಯಲ್ಲಿ ಹುಟ್ಟಿದ್ದು ಕಪಾಳದಲ್ಲಿ ಅಥವಾ ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಒಂದು ಪರೀಕ್ಷೆ ಮಾಡಿ. ಇದನ್ನು ಓದುತ್ತಿರುವಾಗ ನಿಮ್ಮ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿವೆಯೇ? ಅಗಿಯುವಾಗ, ನುಂಗುವಾಗ ಬಿಟ್ಟರೆ ಅವು ತಾಗಿರಬಾರದು. ಚಿಂತೆ, ಸಿಟ್ಟು, ಭಾರ ಎತ್ತುವ ಕೆಲಸ, ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇವೆಲ್ಲ ದವಡೆಯನ್ನು ಗೊತ್ತಿಲ್ಲದಂತೆ ಬಿಗಿಯುತ್ತವೆ. ಬೆಳಿಗ್ಗೆ ಏಳುವಾಗಲೇ ಕಪಾಳ ನೋಯುತ್ತಿದ್ದರೆ ಇದೂ ಒಂದು ಕಾರಣವಿರಬಹುದು.

'ಫೋನ್ ನೋಡಿದರೆ ಕುತ್ತಿಗೆಗೆ 27 ಕೆ.ಜಿ. ಭಾರ' ನಿಜವೇ?

ನಮ್ಮ ತಲೆಯ ತೂಕ ಸುಮಾರು 5 ಕೆ.ಜಿ. ಅದನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಗೆ 27 ಕೆ.ಜಿ. ಭಾರ ಬೀಳುತ್ತದೆ ಎಂಬುದು 2014ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ. ಜನರ ಕುತ್ತಿಗೆ ಅಳೆದು ಕಂಡುಕೊಂಡದ್ದಲ್ಲ. ಬಗ್ಗಿದ ಮಾತ್ರಕ್ಕೆ ಕುತ್ತಿಗೆ ಕೆಡುವುದಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇದ್ದರೆ ಸ್ನಾಯು ಸೋಲುತ್ತದೆ. ರಾಮದುರ್ಗದಲ್ಲಿ ಮಗ್ಗದ ಮುಂದೆ ಕುಳಿತವರಿಗೂ, ಸವದತ್ತಿ ಕಡೆ ಹೊಲದಲ್ಲಿ ದಿನವಿಡೀ ಕಳೆ ತೆಗೆಯುವವರಿಗೂ, ರಾತ್ರಿ ಮಲಗಿ ರೀಲ್ಸ್ ನೋಡುವವರಿಗೂ ಈ ಮಾತು ಒಂದೇ. ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸಿದರೆ ಆಯಿತು.

ಲಟಕ್ ಎಂಬ ಸದ್ದು ಏನು?

'ನರ ಜಾಗಕ್ಕೆ ಬಂತು', 'ಎಲುಬು ಕೂಡಿತು' ಎನ್ನುವುದು ತಪ್ಪು ನಂಬಿಕೆ. ಕೀಲುಗಳ ನಡುವೆ ಒಂದು ದ್ರವವಿರುತ್ತದೆ. ಕೀಲನ್ನು ಎಳೆದಾಗ ಅಲ್ಲಿ ಒತ್ತಡ ಇಳಿದು ಅನಿಲದ ಪೊಳ್ಳು ಉಂಟಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಎಂಆರ್‌ಐ ಯಂತ್ರದೊಳಗೆ ಬೆರಳಿನ ಲಟಿಕೆ ತೆಗೆಸಿ ಇದನ್ನು ಕಣ್ಣಾರೆ ಕಂಡರು. ಸದ್ದು ಬಂದರೆ ರೋಗ ಹೋಯಿತು ಎಂದಲ್ಲ. ಆ ಕ್ಷಣಕ್ಕೆ ಹಗುರ ಎನಿಸಬಹುದು, ಅಷ್ಟೇ.

ಬೆರಳಿಗೂ ಕುತ್ತಿಗೆಗೂ ದೊಡ್ಡ ವ್ಯತ್ಯಾಸವಿದೆ. ಮಿದುಳಿಗೆ ರಕ್ತ ಒಯ್ಯುವ ನಾಲ್ಕು ಮುಖ್ಯ ರಕ್ತನಾಳಗಳು ಕುತ್ತಿಗೆಯ ಮೂಲಕವೇ ಹೋಗುತ್ತವೆ. ಜೋರಾಗಿ ತಿರುವಿದಾಗ ಅವುಗಳ ಒಳಪದರ ಹರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು, ಅಂದರೆ ಲಕ್ವ. 2024ರಲ್ಲಿ ಬೆಂಗಳೂರಿನಿಂದ ಇಂಥದೇ ಸುದ್ದಿ ಬಂತು. ಬಳ್ಳಾರಿ ಮೂಲದ ಯುವಕರೊಬ್ಬರಿಗೆ ಕಟಿಂಗ್ ನಂತರ ತಲೆ ಮಸಾಜ್ ಮಾಡಿ ಕುತ್ತಿಗೆ ತಿರುವಿದರು. ಆಮೇಲೆ ಅವರಿಗೆ ಮಾತು ತೊದಲತೊಡಗಿತು, ಎಡಭಾಗದ ಬಲ ಕುಂದಿತು. ಕುತ್ತಿಗೆಯ ರಕ್ತನಾಳ ಹರಿದದ್ದು ಆಸ್ಪತ್ರೆಯಲ್ಲಿ ತಿಳಿಯಿತು. ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು. ಹೀಗಾಗುವುದು ಅಪರೂಪ, ನಿಜ. ಆದರೆ ಒಂದು ನಿಮಿಷದ ಹಗುರಕ್ಕಾಗಿ ಈ ಅಪಾಯವನ್ನು ತಲೆಯ ಮೇಲೆ ಎಳೆದುಕೊಳ್ಳಬೇಕೇ?

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಬಹುದಿನದ ದವಡೆ ನೋವಿಗೆ ಏನು ಮಾಡಬೇಕೆಂದು ತಜ್ಞರ ತಂಡವೊಂದು 2023ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಮಾರ್ಗಸೂಚಿ ಪ್ರಕಟಿಸಿತು. ತಿಳಿದವರ ಮೇಲ್ವಿಚಾರಣೆಯಲ್ಲಿ ದವಡೆಯ ವ್ಯಾಯಾಮ, ಸ್ನಾಯು ಹಿಗ್ಗಿಸುವುದು, ನೋಯುವ ಬಿಂದುಗಳನ್ನು ಒತ್ತಿ ಸಡಿಲಿಸುವುದು ಇವಕ್ಕೆ ಅದರಲ್ಲಿ ಮುಖ್ಯ ಸ್ಥಾನವಿದೆ. ಫಿಸಿಯೋಥೆರಪಿಸ್ಟ್ ಒಮ್ಮೆ ತೋರಿಸಿಕೊಟ್ಟರೆ ಒಳ್ಳೆಯದು. ಸುಲಭವಾದ ಕೆಲವು ಇಲ್ಲಿವೆ:

1. ದವಡೆಗೆ ವಿಶ್ರಾಂತಿ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. 'ನ' ಎನ್ನುವಾಗ ನಾಲಿಗೆ ತುದಿ ಎಲ್ಲಿ ತಾಗುತ್ತದೋ ಅಲ್ಲಿಯೇ ಇರಲಿ. ದಿನದಲ್ಲಿ ನೆನಪಾದಾಗಲೆಲ್ಲ ಹೀಗೆ ಮಾಡಿ.

2. ಕೆನ್ನೆ ಒತ್ತುವುದು: ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಉಬ್ಬುವುದೇ ಅಗಿಯುವ ಸ್ನಾಯು. ಹಲ್ಲು ಸಡಿಲಿಸಿ, ಎರಡು ಬೆರಳಿನಿಂದ ಅಲ್ಲಿ 20–30 ಸೆಕೆಂಡ್ ಮೆಲ್ಲಗೆ ಒತ್ತಿ, ನಿಧಾನವಾಗಿ ತಿರುವಿ. ಕಪಾಳದ ಮೇಲೂ ಹೀಗೆಯೇ ಮಾಡಿ. ಹಿತವಾದ ನೋವಿರಲಿ, ಕಣ್ಣಲ್ಲಿ ನೀರು ಬರುವಷ್ಟು ಬೇಡ.

3. ಬಾಯಿ ತೆರೆಯುವುದು: ನಾಲಿಗೆ ತುದಿಯನ್ನು ಅಂಗುಳಿಗೆ ಹಚ್ಚಿಕೊಂಡೇ ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಆರು ಸಲ ಸಾಕು.

4. ಕುತ್ತಿಗೆಯ ಪಕ್ಕ: ಕುರ್ಚಿಯಲ್ಲಿ ಕುಳಿತು ಬಲಗೈಯಿಂದ ಕುರ್ಚಿಯ ಅಂಚು ಹಿಡಿಯಿರಿ. ಎಡಗಿವಿಯನ್ನು ಎಡಭುಜದ ಕಡೆ ವಾಲಿಸಿ 20 ಸೆಕೆಂಡ್ ಇರಿ. ಕೈಯಿಂದ ತಲೆ ಎಳೆಯಬೇಡಿ. ಇನ್ನೊಂದು ಕಡೆಗೂ ಮಾಡಿ.

5. ಗದ್ದ ಹಿಂದಕ್ಕೆ: ನೇರ ನೋಡುತ್ತ ಗದ್ದವನ್ನು ಹಿಂದಕ್ಕೆ ಸರಿಸಿ 5 ಸೆಕೆಂಡ್ ಹಿಡಿಯಿರಿ. ಹತ್ತು ಸಲ ಮಾಡಿ.

ಮೊದಲು ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯ ಕಾವು ಕೊಟ್ಟರೆ ಇನ್ನೂ ಹಿತ. ನೋವಿರುವಷ್ಟು ದಿನ ಖಡಕ್ ರೊಟ್ಟಿ ಬಿಟ್ಟು ಮೆತ್ತನೆಯ ಬಿಸಿ ರೊಟ್ಟಿ ತಿನ್ನಿ. ಕಬ್ಬು ಸಿಗಿಯುವುದಕ್ಕೂ ರಜೆ ಕೊಡಿ. ಕತ್ತಿನ ಮುಂಭಾಗದಲ್ಲಿ, ನಾಡಿ ಬಡಿಯುವ ಕಡೆ ಎಂದೂ ಒತ್ತಬೇಡಿ. ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ.

ಮಾತ್ರೆಯ ವಿಷಯದಲ್ಲೂ ಎಚ್ಚರವಿರಲಿ. ತಿಂಗಳಿಗೆ 15 ದಿನ ಅಥವಾ ಹೆಚ್ಚು ನೋವಿನ ಮಾತ್ರೆ ನುಂಗುತ್ತ ಮೂರು ತಿಂಗಳು ಮೀರಿದರೆ, ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ಕೆಲವು ಮಾತ್ರೆಗಳಿಗೆ 10 ದಿನವೇ ಸಾಕು.

ಇವು ಸ್ನಾಯುವಿನ ನೋವಲ್ಲ, ತಡ ಮಾಡಬೇಡಿ

• ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಸಿಡಿಲು ಬಡಿದಂತೆ ಒಮ್ಮೆಲೇ ಬರುವ ತಲೆನೋವು: ಕೂಡಲೇ 108ಕ್ಕೆ ಕರೆ ಮಾಡಿ. ಲಕ್ವದಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಹಳ್ಳಿಯಿಂದ ಬೆಳಗಾವಿ, ಹುಬ್ಬಳ್ಳಿ ಮುಟ್ಟಲು ಎಷ್ಟು ಹೊತ್ತು ಬೇಕೆಂದು ನಿಮಗೇ ಗೊತ್ತು. 'ನಾಳೆ ನೋಡೋಣು' ಎನ್ನಬೇಡಿ.

• ದವಡೆ ನೋವಿನೊಂದಿಗೆ ಎದೆ ಬಿಗಿತ, ಬೆವರು, ಏದುಸಿರು: ಇದು ಹೃದಯದ ತೊಂದರೆಯಿರಬಹುದು.

• ಗಾಯವಾದ ಕೆಲವು ದಿನಗಳಲ್ಲಿ ದವಡೆ ಕಚ್ಚಿಕೊಂಡು ಬಾಯಿ ಬಿಡಲಾಗದಿದ್ದರೆ: ಧನುರ್ವಾಯುವಿನ ಲಕ್ಷಣ. ಉಜ್ಜುತ್ತ ಕೂರಬೇಡಿ.

• ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಂಡರೆ, ಬಿದ್ದು ಪೆಟ್ಟಾದ ಮೇಲೆ ಕುತ್ತಿಗೆ ನೋವು ಬಂದರೆ.

• ಅಡಿಕೆ, ಗುಟ್ಕಾ ಅಗಿಯುವವರೇ, ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಲ್ಲಿ ಹಿಡಿಸಿ ನೋಡಿ. ಹಿಡಿಯದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಬಿಗಿದಿರುವುದು ಸ್ನಾಯು ಅಲ್ಲದಿರಬಹುದು. ಬಾಯಿಯ ಒಳಪದರವೇ ಗಟ್ಟಿಯಾಗುವ ಈ ಕಾಯಿಲೆ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಇಂದೇ ಅಗಿಯುವುದನ್ನು ಬಿಟ್ಟು ದಂತವೈದ್ಯರಿಗೆ ತೋರಿಸಿ.

ಲಟಿಕೆಯ ವಿಡಿಯೋ ಬಂದ ಗ್ರೂಪಿಗೇ ಇದನ್ನೂ ಕಳಿಸಿ. ಮುಂದಿನ ಸಲ ಕಟಿಂಗ್ ಅಂಗಡಿಯಲ್ಲಿ ಕುಳಿತಾಗ ಸಂಕೋಚಪಡದೆ ಹೇಳಿ: 'ಕುತ್ತಿಗಿ ತಿರುವಬ್ಯಾಡ್ರಿ, ಭುಜಾ ಅಷ್ಟ ಒತ್ತರಿ.'