ದೂರದಿಂದ ಬರುವ ದನಿ

ಯಜಮಾನನ ಕಾಲಬಳಿ ಮಲಗುವುದೇ ನಾಯಿಯ ನಿಷ್ಠೆಯೆಂದು ನೀವು ತಿಳಿದಿರಬಹುದು. ಸ್ವೀಡನ್ ದೇಶದ ಉತ್ತರದ ಕಾಡುಗಳಲ್ಲಿ ನಿಷ್ಠೆಯ ರೀತಿಯೇ ಬೇರೆ. ಅಲ್ಲಿನ ಯೆಮ್ಟ್‌ಲಾಂಡ್ ಪ್ರಾಂತದ ಬೇಟೆನಾಯಿಗೆ ಯೆಮ್ಟ್‌ಹುಂಡ್ ಎಂದು ಹೆಸರು. ಬೂದುಬಣ್ಣ, ನಿಮಿರಿದ ಕಿವಿ, ಬೆನ್ನಮೇಲೆ ಸುರುಳಿಯಾದ ಬಾಲ. ಗಂಡುನಾಯಿಯ ಎತ್ತರ ಸುಮಾರು 61 ಸೆಂಟಿಮೀಟರ್, ತೂಕ 30 ಕಿಲೋದಷ್ಟು. ಇದು ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದದ್ದು 1946ರಲ್ಲಿ.

ಇದರ ಬೇಟೆ ಎಲ್ಕ್. ನಮ್ಮ ಕಡವೆಯನ್ನೂ ಮೀರಿಸುವ ದೈತ್ಯ ಜಿಂಕೆ. ಹಗ್ಗ ಬಿಚ್ಚಿದೊಡನೆ ನಾಯಿ ವಾಸನೆ ಹಿಡಿದು ಕಾಡಿನಲ್ಲಿ ಮರೆಯಾಗುತ್ತದೆ. ಎಲ್ಕ್ ಕಂಡಾಗ ಅದು ಮೇಲೆ ಬೀಳುವುದಿಲ್ಲ. ಬಿದ್ದರೆ ಮೃಗ ಓಡಿಹೋದೀತು. ಇಲ್ಲವೆ ಗೊರಸಿನ ಒಂದೇ ಒದೆತಕ್ಕೆ ನಾಯಿಯ ಪ್ರಾಣ ಹೋದೀತು. ಆದ್ದರಿಂದ ತುಸು ದೂರದಲ್ಲಿದ್ದು, ಒಂದೇ ಸಮನೆ ಬೊಗಳುತ್ತ, ಮೃಗವನ್ನು ನಿಂತಲ್ಲೇ ನಿಲ್ಲಿಸುತ್ತದೆ. ಯಜಮಾನ ಬರುವವರೆಗೆ, ಎಷ್ಟು ಹೊತ್ತಾದರೂ, ಈ ಕೆಲಸ ಅದೊಂದರದೇ. ಅವನೋ ಆ ದನಿಯ ಜಾಡಿನಲ್ಲಿ ನಡೆಯುತ್ತಾನೆ. ದನಿ ತಟ್ಟನೆ ನಿಂತರೆ ಅವನ ಎದೆ ಧಸಕ್ಕೆನ್ನುತ್ತದೆ.

ಈಚೆಗೆ ನಾಯಿ ಎಲ್ಲಿದೆಯೆಂದು ತಿಳಿಸುವ ಯಂತ್ರವನ್ನು ಅದರ ಕೊರಳಿಗೆ ಕಟ್ಟುವುದುಂಟು. ಆದರೂ ಮೃಗವನ್ನು ತಡೆದು ನಿಲ್ಲಿಸುವುದು ಆ ದನಿಯೇ. ಕಣ್ಣಿಗೆ ಕಾಣದ ದನಿಯನ್ನು ನಂಬಿ ಕಿವಿಗೊಡುವುದು, ರೇಡಿಯೋದ ಮುಂದೆ ಕೂರುವ ನಿಮಗೆ ಹೊಸದೇನಲ್ಲವಷ್ಟೆ!