ಹಳೆಯ ಯೆಜ್ಡಿಗೆ ಆರು ತಾಸಿನ ಓಟ

ನಿಮಿಷಕ್ಕೆ 5,000 ಸುತ್ತಿನ ವೇಗದಲ್ಲಿ ಆರು ತಾಸು ಓಡಿದ ಎಂಜಿನ್ನಿನೊಳಗೆ ಪಿಸ್ಟನ್ 18 ಲಕ್ಷ ಸಲ ಮೇಲೇರಿ ಕೆಳಗಿಳಿದಿರುತ್ತದೆ. ಅದು ಟೂ-ಸ್ಟ್ರೋಕ್ ಆಗಿದ್ದರೆ ಅಷ್ಟೂ ಸಲ ಕಿಡಿ ಹಾರಿ, ಅಷ್ಟೂ ಸಲ ಪೆಟ್ರೋಲ್ ಉರಿದಿರುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ನಿಗೆ ಎರಡು ಸುತ್ತಿಗೊಮ್ಮೆ ಸಿಗುವ ಬಿಡುವು ಇದಕ್ಕೆ ಇಲ್ಲವೇ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಯೆಜ್ಡಿ ಬೈಕನ್ನು ದೀರ್ಘ ಓಟಕ್ಕೆ ಅಣಿಗೊಳಿಸಲು ಹೊರಟವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಖ್ಯೆ ಇದೇ. ಎಷ್ಟು ಅಶ್ವಶಕ್ತಿ ಹೆಚ್ಚಿಸಬಹುದು ಎನ್ನುವುದು ಆಮೇಲಿನ ಮಾತು.

ಬೈಕುಗಳ ದೀರ್ಘ ಓಟ ಹೊಸದೇನಲ್ಲ. ಫ್ರಾನ್ಸಿನ ಬೋಲ್ ದೋರ್ 24 ತಾಸಿನ ಓಟ 1922ರಷ್ಟು ಹಳೆಯದು. ಜಪಾನಿನ ಸುಜುಕಾ 8 ತಾಸಿನ ಓಟ 1978ರಲ್ಲಿ ಶುರುವಾಯಿತು. ಜಾವಾ ಮನೆತನಕ್ಕೆ ಇವುಗಳಿಗಿಂತ ಹತ್ತಿರದ ಪರೀಕ್ಷೆ ಇನ್ನೊಂದಿತ್ತು: 1913ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್. ಕಾಡು, ಕೆಸರು, ಕಲ್ಲುದಾರಿಯಲ್ಲಿ ಆರು ದಿನ ಓಡಬೇಕು. ಎಂಜಿನ್, ಫ್ರೇಮಿನಂಥ ಮುಖ್ಯ ಭಾಗಗಳಿಗೆ ಮೊದಲೇ ಗುರುತು ಹಾಕಿರುತ್ತಾರೆ, ಬದಲಿಸುವಂತಿಲ್ಲ. ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕು. 1970ರಿಂದ 1974ರವರೆಗೆ ಸತತ ಐದು ವರ್ಷ ಅದರ ಟ್ರೋಫಿ ಜೆಕೊಸ್ಲೊವಾಕಿಯಾ ತಂಡದ ಪಾಲಾಯಿತು. ಜಾವಾ ಆ ದೇಶದ ಗಾಡಿ. ಇದೇ ಜಾವಾವನ್ನು ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ ಕಟ್ಟಿದರು. ಮುಂದೆ ಅದು ಯೆಜ್ಡಿಯಾಯಿತು, 1978ರಲ್ಲಿ ಅದರ ರೋಡ್‌ಕಿಂಗ್ ಮಾದರಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಇವತ್ತು ಸಿಗುವ ಯಾವ ರೋಡ್‌ಕಿಂಗ್ ಕೂಡ ಸುಮಾರು ಮೂವತ್ತು ವರ್ಷಕ್ಕಿಂತ ಚಿಕ್ಕದಲ್ಲ.

ಆದ್ದರಿಂದ ಮೊದಲ ಕೆಲಸ ಸಿಲಿಂಡರಿನದ್ದಲ್ಲ, ಎರಡು ರಬ್ಬರ್ ಉಂಗುರಗಳದ್ದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಇಳಿದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕಿನ ಎರಡೂ ತುದಿಯ ಆಯಿಲ್ ಸೀಲ್‌ಗಳು ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಗಾಡಿಯಲ್ಲಿ ಗಟ್ಟಿಯಾಗಿ, ಬಿರುಕು ಬಿಟ್ಟಿರುತ್ತವೆ. ಆ ಸಂದಿಯಿಂದ ನುಗ್ಗುವ ಗಾಳಿಗೆ ಕಾರ್ಬ್ಯುರೇಟರಿನ ಲೆಕ್ಕವೇ ಗೊತ್ತಿಲ್ಲ. ಮಿಶ್ರಣ ತೆಳುವಾಗುತ್ತದೆ, ಉರಿಯ ಬಿಸಿ ಏರುತ್ತದೆ, ಜೊತೆಗೆ ಪೆಟ್ರೋಲಿನಲ್ಲಿ ಬೆರೆತು ಬರಬೇಕಾದ ಆಯಿಲೂ ಕಡಿಮೆಯಾಗುತ್ತದೆ. ಊರೊಳಗೆ ಓಡಿಸುವಾಗ ಇದು ತಿಳಿಯುವುದೇ ಇಲ್ಲ. ಒಂದು ತಾಸು ಎಡೆಬಿಡದೆ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿಯುತ್ತದೆ. ಎಲ್ಲ ರಂಧ್ರಗಳನ್ನೂ ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ, ಒತ್ತಡ ಕೆಲವು ನಿಮಿಷ ಇಳಿಯದೆ ನಿಲ್ಲುತ್ತದೆಯೇ ನೋಡಬೇಕು. ನಿಲ್ಲದಿದ್ದರೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಬಾರದು.

ಪಿಸ್ಟನ್ ಯಾಕೆ ಹಿಡಿಯುತ್ತದೆ? ಜಾವಾ 250ರ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್. ಸಿಲಿಂಡರ್ ಬೀಡುಕಬ್ಬಿಣದ್ದು, ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹದ್ದು. 100 ಡಿಗ್ರಿ ಬಿಸಿಯೇರಿದರೆ ಪಿಸ್ಟನ್ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರ್ ಸುಮಾರು 0.07 ಮಾತ್ರ. ನಡುವಿನ ಸಂದು ಪ್ರತಿ ನೂರು ಡಿಗ್ರಿಗೂ 0.06 ಮಿ.ಮೀ.ನಷ್ಟು ಕಿರಿದಾಗುತ್ತ ಹೋಗುತ್ತದೆ. ಬೋರ್ ಮಾಡಿಸುವಾಗ ಹೊಸ ಗಾಡಿಗೆ ಬಿಡುವುದಕ್ಕಿಂತ ತುಸು ಹೆಚ್ಚು ಸಂದು ಬಿಡಿಸುವುದು ಓಟದ ಮೇಸ್ತ್ರಿಗಳ ರೂಢಿ. ತಣ್ಣಗಿದ್ದಾಗ ಪಿಸ್ಟನ್ ತುಸು ಕಟಕಟ ಎನ್ನುತ್ತದೆ, ಅನ್ನಲಿ. ಬಿಸಿಯಾದ ಮೇಲೆ ಆ ಸಂದೇ ಅದರ ಜೀವ.

ಇಲ್ಲಿ ಕಲಬುರಗಿಯನ್ನು ತರಬೇಕು. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಅದಕ್ಕಿಂತ ಕಠಿಣ ಪರೀಕ್ಷಕ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಮೇ ತಿಂಗಳಲ್ಲಿ ಅಲ್ಲಿ 43 ಡಿಗ್ರಿ ಅಪರೂಪವಲ್ಲ. ಎಂಜಿನ್ ಹೆಡ್ಡಿನ ರೆಕ್ಕೆಗಳು 180 ಡಿಗ್ರಿಯಲ್ಲಿವೆ ಎಂದಿಟ್ಟುಕೊಳ್ಳಿ. ಮೈಸೂರಿನ 25 ಡಿಗ್ರಿ ಗಾಳಿಗೂ ಅದಕ್ಕೂ 155 ಡಿಗ್ರಿ ಅಂತರ. ಕಲಬುರಗಿಯ ಮಧ್ಯಾಹ್ನಕ್ಕೆ 137. ರೆಕ್ಕೆಗಳಿಂದ ಗಾಳಿಗೆ ಹೋಗುವ ಶಾಖ ಈ ಅಂತರವನ್ನೇ ಅವಲಂಬಿಸಿದೆ, ಹಾಗಾಗಿ ಶೇಕಡ 12ರಷ್ಟು ತಣಿವು ಕೈಬಿಟ್ಟುಹೋಯಿತು. ಅಷ್ಟೇ ಶಾಖ ಹೊರಹಾಕಬೇಕೆಂದರೆ ಹೆಡ್ 18 ಡಿಗ್ರಿ ಹೆಚ್ಚು ಕಾಯಲೇಬೇಕು.

ಇದು ಗಾಡಿ ಓಡುತ್ತಿರುವಾಗಿನ ಲೆಕ್ಕ. ಹೋಳಿಯ ಬಳಿಕ ಶರಣಬಸವೇಶ್ವರ ದೇವಸ್ಥಾನದ ರಥೋತ್ಸವಕ್ಕೆ ಜನಸಾಗರ ಸೇರಿದಾಗ ಅಪ್ಪನ ಕೆರೆಯ ಸುತ್ತಿನ ರಸ್ತೆಗಳಲ್ಲಿ ಮೊದಲ ಗೇರಿನಲ್ಲೇ ತೆವಳಬೇಕಾಗುತ್ತದೆ. ರೆಕ್ಕೆಗಳ ನಡುವೆ ಗಾಳಿಯೇ ಹರಿಯದೆ ಎಂಜಿನ್ ಸುಮ್ಮನೆ ಬೇಯುತ್ತದೆ. ದೀರ್ಘ ಓಟದಲ್ಲಿ ಪೆಟ್ರೋಲಿಗೆಂದು ನಿಲ್ಲಿಸುವಾಗಲೂ ಹೀಗೆಯೇ: ಬಂದು ನಿಂತ ತಕ್ಷಣ ಎಂಜಿನ್ ಆರಿಸುವುದು ಒಳ್ಳೆಯದು. ನಿಂತಲ್ಲೇ ಗುರುಗುಡಿಸುತ್ತ ಬಿಟ್ಟರೆ ಶಾಖ ಮಾತ್ರ ಒಟ್ಟಾಗುತ್ತದೆ.

ಕಾರ್ಬ್ಯುರೇಟರಿನ ವಿಷಯದಲ್ಲಿ ಒಂದು ಸೊಗಸಾದ ಅಚ್ಚರಿ ಇದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಮೈಸೂರು ಸುಮಾರು 770. ಎತ್ತರ ಹೆಚ್ಚಿದಂತೆ ಗಾಳಿ ವಿರಳ. ಬಿಸಿ ಹೆಚ್ಚಿದಂತೆಯೂ ವಿರಳ. ಲೆಕ್ಕ ಹಾಕಿದರೆ ಮೈಸೂರಿನ 25 ಡಿಗ್ರಿಯ ಗಾಳಿಗೂ ಕಲಬುರಗಿಯ 43 ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ಶೇಕಡ 2ರಷ್ಟೇ ವ್ಯತ್ಯಾಸ. ಮೈಸೂರಿನಲ್ಲಿ ಸರಿಹೊಂದಿಸಿದ ಜೆಟ್ (ಪೆಟ್ರೋಲ್ ಹಾದುಹೋಗುವ ಸಣ್ಣ ತೂತು) ಕಲಬುರಗಿಯ ಮೇ ಮಧ್ಯಾಹ್ನಕ್ಕೂ ಹೆಚ್ಚುಕಡಿಮೆ ಸರಿಯೇ. ಅಪಾಯ ಬರುವುದು ಅದೇ ಊರಿನ ಡಿಸೆಂಬರ್ ಬೆಳಗಿನಲ್ಲಿ. 15 ಡಿಗ್ರಿಯ ಗಾಳಿ ಮೇ ಗಾಳಿಗಿಂತ ಶೇಕಡ 10ರಷ್ಟು ದಟ್ಟ. ಅದೇ ಜೆಟ್ ಇಟ್ಟುಕೊಂಡರೆ ಮಿಶ್ರಣ ಶೇಕಡ 5ರಷ್ಟು ತೆಳುವಾಗುತ್ತದೆ. ತಂಪಿನಲ್ಲಿ ಗಾಡಿ ಚುರುಕಾಗಿ ಓಡುತ್ತದೆ ಎಂದು ಸವಾರ ಹಿಗ್ಗುತ್ತಿರುವಾಗಲೇ ಪಿಸ್ಟನ್ ತಲೆ ಕಾಯುತ್ತಿರುತ್ತದೆ.

ಹವಾಮಾನಕ್ಕಿಂತ ದೊಡ್ಡ ಪೆಟ್ಟು ಈಗ ಪೆಟ್ರೋಲ್ ಬಂಕಿನಿಂದಲೇ ಬರುತ್ತಿದೆ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಜೆಟ್ಟಿನಲ್ಲಿ ಇದನ್ನು ಉರಿಸಿದರೆ ಮಿಶ್ರಣ ಸುಮಾರು ಶೇಕಡ 8ರಷ್ಟು ತೆಳು. ಹಳೆಯ ರಬ್ಬರ್ ಪೈಪು, ವಾಷರುಗಳನ್ನೂ ಅದು ಉಬ್ಬಿಸಿ ಕೆಡಿಸುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ದೊಡ್ಡ ಜೆಟ್, ಹೊಸ ಕಾಲದ ರಬ್ಬರ್, ಓಟದ ದಿನವೇ ತುಂಬಿಸಿದ ತಾಜಾ ಪೆಟ್ರೋಲ್ ಬೇಕು. ಆಯಿಲನ್ನು ಲೀಟರಿಗೆ 40ರಿಂದ 50 ಮಿಲಿಲೀಟರ್ ಹಾಕುವವರೂ ಒಂದನ್ನು ಗಮನಿಸಬೇಕು: ಆಯಿಲ್ ಹೆಚ್ಚಿದಷ್ಟೂ ಅದೇ ಜೆಟ್ಟಿನಲ್ಲಿ ಹಾದುಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ. ಇನ್ನು ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕಿನ ಮೇಲೆ ಇಳಿಯುವುದು ಟೂ-ಸ್ಟ್ರೋಕಿಗೆ ಒಳ್ಳೆಯದಲ್ಲ. ಪೆಟ್ರೋಲ್ ನಿಂತರೆ ಆಯಿಲೂ ನಿಂತಂತೆ. ಆಗಾಗ ಒಮ್ಮೆ ಥ್ರಾಟಲ್ ಕೊಡುತ್ತಿರಬೇಕು.

ಸೈಲೆನ್ಸರಿನ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಒಳಗಿನ ನಳಿಕೆ ಕಿತ್ತು ಊರೆಲ್ಲ ಕೇಳುವಂತೆ ಓಡಿಸುವುದರಿಂದ ಗಾಡಿಗೆ ಬಲ ಬರುವುದಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆ ಬರೀ ಹೊಗೆಯ ದಾರಿಯಲ್ಲ, ಎಂಜಿನ್ನಿನದೇ ಒಂದು ಅಂಗ. ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಇದನ್ನು ಶಾಸ್ತ್ರವಾಗಿ ಬೆಳೆಸಿದರು. ಸಿಲಿಂಡರಿನ ಹೊಗೆಯ ಬಾಯಿ, ಅಂದರೆ ಪೋರ್ಟ್, ತೆರೆದೊಡನೆ ಹೊರಟ ಒತ್ತಡದ ಅಲೆ ಕೊಳವೆಯ ಅಗಲವಾಗುವ ಭಾಗದಲ್ಲಿ ಸಿಲಿಂಡರಿನಿಂದ ಹೊಗೆಯನ್ನು ಎಳೆಯುತ್ತದೆ. ಕಿರಿದಾಗುವ ತುದಿಗೆ ಬಡಿದು ಮರಳಿ ಬಂದು, ಹೊರಕ್ಕೆ ಸೋರುತ್ತಿದ್ದ ತಾಜಾ ಮಿಶ್ರಣವನ್ನು ಪೋರ್ಟ್ ಮುಚ್ಚುವ ಮೊದಲು ಒಳಕ್ಕೆ ತಳ್ಳುತ್ತದೆ. ಬಿಸಿ ಹೊಗೆಯಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಕ್ರ್ಯಾಂಕ್ 160 ಡಿಗ್ರಿ ತಿರುಗುವಷ್ಟು ಹೊತ್ತು ಪೋರ್ಟ್ ತೆರೆದಿರುತ್ತದೆ ಎಂದುಕೊಂಡರೆ, 5,000 ಸುತ್ತಿಗೆ ಹೊಂದುವ ಕೊಳವೆಯ ಉದ್ದ ಹತ್ತಿರ ಹತ್ತಿರ 1.3 ಮೀಟರ್, 8,000 ಸುತ್ತಿಗೆ ಮೀಟರಿಗೂ ಕಡಿಮೆ. ಚಿಕ್ಕ ಕೊಳವೆ ಹಾಕಿ ಮೇಲಿನ ವೇಗದಲ್ಲಿ ಬಲ ಹುಡುಕುವವರು ಅಲ್ಪ ಓಟದವರು. ಆರು ತಾಸಿನವರಿಗೆ ಉದ್ದನೆಯ ಕೊಳವೆಯೇ ಸರಿ.

ಯಾಕೆಂದರೆ ಸುತ್ತು ಏರಿಸಿದಾಗ ಬಿಡಿಭಾಗಗಳ ಮೇಲಿನ ಬಲ ವರ್ಗದ ಲೆಕ್ಕದಲ್ಲಿ ಏರುತ್ತದೆ. 5,000ದಿಂದ 7,000ಕ್ಕೆ ಹೋದರೆ ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ಹೆಚ್ಚುಕಡಿಮೆ ಇಮ್ಮಡಿ. ಜಾವಾದ ಸ್ಟ್ರೋಕ್ 75 ಮಿ.ಮೀ., ಉದ್ದನೆಯದು, ಈ ಎಂಜಿನ್ನಿನ ಸ್ವಭಾವವೇ ಕೆಳಗಿನ ಸುತ್ತಿನಲ್ಲಿ ಜಗ್ಗುವುದು. ರೋಡ್‌ಕಿಂಗ್ ಕೊಡುವ ಸುಮಾರು 16 ಅಶ್ವಶಕ್ತಿಯನ್ನು 18 ಮಾಡಿ ಅಲ್ಲಿಗೇ ನಿಲ್ಲಿಸುವುದು ಜಾಣತನ ಎಂದು ನನ್ನ ನಂಬಿಕೆ.

ಲೋಹಕ್ಕೂ ದಣಿವಿದೆ. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ಪರೀಕ್ಷಿಸಿ ತೋರಿಸಿದರು: ಒಮ್ಮೆಗೆ ಮುರಿಯದ ಹೊರೆಯೂ ಲಕ್ಷಾಂತರ ಸಲ ಮರುಕಳಿಸಿದರೆ ಮುರಿಯುತ್ತದೆ. ಉಕ್ಕಿಗೆ ಒಂದು ಸುರಕ್ಷಿತ ಮಿತಿ ಉಂಟು, ಅದರ ಕೆಳಗೆ ಅದು ದಣಿಯುವುದಿಲ್ಲ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿಯೂ ಇಲ್ಲ. ಒಂಟಿ ಸಿಲಿಂಡರಿನ ನಡುಕಕ್ಕೆ ಮೊದಲು ಬಲಿಯಾಗುವುದು ಸೈಲೆನ್ಸರ್ ಹಿಡಿಕೆ, ಹೆಡ್‌ಲೈಟ್ ಕಿವಿ, ಟ್ಯಾಂಕಿನ ಬೆಸುಗೆ. ಚೂಪು ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಬೇಕು, ನಡುವೆ ರಬ್ಬರ್ ಕೊಡಬೇಕು, ಮುಖ್ಯ ಬೋಲ್ಟುಗಳ ತಲೆಗೆ ತೂತು ಕೊರೆದು ತಂತಿ ಬಿಗಿಯಬೇಕು.

ಕಿಡಿಯ ಹೊತ್ತು ನಿಗದಿ ಮಾಡುವ ಪ್ಲಾಟಿನಂ ಪಾಯಿಂಟ್ ಕೂಡ 18 ಲಕ್ಷ ಸಲ ಬಡಿಯುತ್ತದೆ. ಅದರ ಹಿಮ್ಮಡಿ ಸವೆದಂತೆ ಸಂದು ಕಿರಿದಾಗಿ ಕಿಡಿ ತಡವಾಗುತ್ತದೆ. ಉರಿಯ ಬಿಸಿ ಕೊಳವೆಗೆ ಹೋಗಿ ವ್ಯರ್ಥವಾಗುತ್ತದೆ. ಸವೆಯುವ ಭಾಗವೇ ಇಲ್ಲದ ಸಿಡಿಐ ಎಂಬ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ ಹಾಕಿದರೆ ಈ ಚಿಂತೆ ಮುಗಿಯಿತು. ಹಳೆಯ 6 ವೋಲ್ಟ್ ವ್ಯವಸ್ಥೆಯನ್ನು 12ಕ್ಕೆ ಏರಿಸಿದರೆ ಅದೇ ದೀಪಕ್ಕೆ ಅರ್ಧ ಕರೆಂಟ್ ಸಾಕು, ತಂತಿಯಲ್ಲಿ ಕಳೆದುಹೋಗುವುದು ಕಾಲುಭಾಗ.

ಬ್ರೇಕ್ ಮರೆಯಬಾರದು. ಸವಾರನೂ ಸೇರಿ 220 ಕಿಲೋ ತೂಕ 100 ಕಿ.ಮೀ. ವೇಗದಿಂದ ನಿಂತರೆ ಸುಮಾರು 85,000 ಜೂಲ್ ಶಾಖ ಹುಟ್ಟುತ್ತದೆ, ಒಂದು ಲೋಟ ನೀರು ಕುದಿಸುವಷ್ಟು. ಟ್ರ್ಯಾಕಿನ ಪ್ರತಿ ಸುತ್ತಿನಲ್ಲೂ ಹಲವು ಸಲ ಇದೇ ಶಾಖ ಮುಚ್ಚಿದ ಡ್ರಮ್ಮಿನೊಳಗೆ ಇಳಿಯುತ್ತದೆ. ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಸಡಿಲುತ್ತದೆ. ಮುಂಚಕ್ರದ ಬ್ರೇಕ್ ತಟ್ಟೆಗೆ ಗಾಳಿಯ ಬಾಯಿ ಕೊರೆಯಬೇಕು. ನಿಯಮ ಒಪ್ಪಿದರೆ ಡಿಸ್ಕ್ ಹಾಕುವುದೇ ಮೇಲು.

ಇಷ್ಟಾದ ಮೇಲೆ ಪರೀಕ್ಷೆ. ಪ್ಲಗ್ಗಿನ ಅಡಿ ಉಷ್ಣ ಅಳೆಯುವ ತಂತಿ ಕೂರಿಸಿ, ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಕಡೆಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಒಂದೇ ವೇಗದಲ್ಲಿ ಹೋಗಿ, ಬಿಸಿ ಎಲ್ಲಿ ನಿಲುಗಡೆಗೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಬಹುದು. ಪೂರ್ತಿ ಥ್ರಾಟಲಿನ ಪರೀಕ್ಷೆ ಮಾತ್ರ ರಸ್ತೆಯಲ್ಲಿ ಬೇಡ. ಅದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕಿನ ಕೆಲಸ. ಅಲ್ಲಿ ನೇರ ಹಾದಿಯ ಕೊನೆಯಲ್ಲಿ ಕ್ಲಚ್ ಹಿಡಿದು, ಆ ಕ್ಷಣವೇ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡಿ. ಬಿಳುಪಿದ್ದರೆ ಜೆಟ್ ಚಿಕ್ಕದು, ಒದ್ದೆ ಕಪ್ಪಿದ್ದರೆ ದೊಡ್ಡದು, ಕಂದು ಬಂದರೆ ಸರಿ. ಕಂದು ಬಂದ ಮೇಲೂ ಇನ್ನೊಂದು ಅಳತೆ ದೊಡ್ಡ ಜೆಟ್ ಹಾಕಿಯೇ ಓಟಕ್ಕೆ ಇಳಿಯಿರಿ.