ಖನಿಜಾಂಶಗಳ ಕೊರತೆ ಮತ್ತು ಜಾನುವಾರುಗಳ ದೇಹೋಷ್ಣ ನಿಯಂತ್ರಣ

ಆಹಾರದ ಮೂಲಕ ದೊರೆಯಬೇಕಾದ ಕ್ಯಾಲ್ಸಿಯಂ, ಅಯೋಡಿನ್, ತಾಮ್ರ, ಕಬ್ಬಿಣ ಮುಂತಾದ ಖನಿಜಾಂಶಗಳು ಕಡಿಮೆಯಾದಾಗ ಪ್ರಾಣಿಗಳು ತಮ್ಮ ದೇಹದ ಉಷ್ಣತೆಯನ್ನು ಸಮಸ್ಥಿತಿಯಲ್ಲಿ ಕಾಯ್ದುಕೊಳ್ಳಲು ಅಸಮರ್ಥವಾಗುತ್ತವೆ. ಆರೋಗ್ಯವಂತ ಹಸುವಿನ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಂತಹ ಹೈನುಗಾರಿಕೆಯ ಪ್ರದೇಶಗಳಲ್ಲಿ ಈ ಕೊರತೆಯ ಪರಿಚಿತ ರೂಪವೆಂದರೆ ಹಾಲುಜ್ವರ.

ಹಾಲುಜ್ವರ

ಈ ಹೆಸರು ದಾರಿ ತಪ್ಪಿಸುವಂಥದು. ಇದರಲ್ಲಿ ಜ್ವರವಿರುವುದಿಲ್ಲ, ರೋಗ ಬಲಿತಂತೆ ಉಷ್ಣತೆ ಸಾಮಾನ್ಯ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಕಿವಿ ಮತ್ತು ಕಾಲುಗಳು ತಣ್ಣಗಾಗುತ್ತವೆ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸುಗಳಲ್ಲಿ, ಅದರಲ್ಲೂ ಮೂರನೆಯ ಕರುವಿನ ನಂತರ, ಈದ ಮೂರು ದಿನಗಳೊಳಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಸುವಿನ ರಕ್ತದ್ರವದಲ್ಲಿ ಒಟ್ಟಾರೆ ಇರುವುದೇ ಸುಮಾರು 3 ಗ್ರಾಂ. ಹತ್ತು ಲೀಟರ್ ಗಿಣ್ಣು ಕರೆದರೆ ಹೊರಹೋಗುವುದು ಅದರ ಹಲವು ಪಟ್ಟು. ಅದನ್ನು ಮೂಳೆ ಮತ್ತು ಕರುಳು ತುಂಬಿಕೊಡಬೇಕು. ಅವು ತಡಮಾಡಿದರೆ ಸ್ನಾಯುಗಳು ಸಂಕುಚಿಸುವ ಶಕ್ತಿ ಕಳೆದುಕೊಳ್ಳುತ್ತವೆ. ಆಗ ನಡುಕದಿಂದ ಶಾಖ ಹುಟ್ಟದು, ಮೆಲುಕು ನಿಂತು ಹೊಟ್ಟೆಯ ಹುದುಗುವಿಕೆಯ ಶಾಖ ಕುಗ್ಗುತ್ತದೆ, ಹೃದಯದ ಬಡಿತ ದುರ್ಬಲವಾಗಿ ಚರ್ಮಕ್ಕೆ ಬಿಸಿರಕ್ತ ತಲುಪದು. ಮಲಗಿದ ಹಸುವಿನ ಉಷ್ಣತೆ ಸುತ್ತಲಿನ ಹವೆಗೆ ಅಧೀನವಾಗುತ್ತದೆ: ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಮಾಗಿಯ ರಾತ್ರಿಯಲ್ಲಿ ಅದು ಬೇಗ ತಣಿಯುತ್ತದೆ, ಬಯಲಿನ ಬಿಸಿಲಿನಲ್ಲಿ ಬಿದ್ದಿದ್ದರೆ ಕಾಯಲೂಬಹುದು.

ಜ್ವರವೆಂದು ತಿಳಿದು ಜ್ವರದ ಮದ್ದು ಕೊಡುವುದು ಕಾಲಹರಣವಷ್ಟೆ. ಕತ್ತು ಮಡಚಿ ಮಲಗಿದ ಹಸುವಿಗೆ ಗೊಟ್ಟದಲ್ಲಿ ಔಷಧಿ ಹೊಯ್ಯುವುದಂತೂ ಅಪಾಯಕಾರಿ. ನುಂಗುವ ಸ್ನಾಯುಗಳೂ ಸೋತಿರುವುದರಿಂದ ಅದು ಶ್ವಾಸಕೋಶಕ್ಕಿಳಿಯುತ್ತದೆ. ಪಶುವೈದ್ಯರು ಕ್ಯಾಲ್ಸಿಯಂ ಬೋರೊಗ್ಲುಕೊನೇಟ್ ದ್ರಾವಣವನ್ನು ರಕ್ತನಾಳಕ್ಕೆ ನಿಧಾನವಾಗಿ ನೀಡುತ್ತಾರೆ. ಸಕಾಲದಲ್ಲಿ ದೊರೆತರೆ ಹಲವು ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಒಂದೆರಡು ದಿನಗಳಲ್ಲಿ ಸಾಯುವುದುಂಟು.

ಇತರ ಖನಿಜಾಂಶಗಳು

ಥೈರಾಯ್ಡ್ ಗ್ರಂಥಿಯ ಹಾರ್ಮೋನುಗಳು ತಯಾರಾಗಲು ಅಯೋಡಿನ್ ಬೇಕು; ದೇಹ ಶಾಖ ಉತ್ಪಾದಿಸುವ ವೇಗವನ್ನು ನಿರ್ಧರಿಸುವುದು ಇವೇ. ಗಬ್ಬದ ಮೇಕೆಗೆ ಅಯೋಡಿನ್ ಸಾಲದಿದ್ದರೆ ಮರಿ ಊದಿದ ಗಂಟಲಿನೊಡನೆ, ಕೂದಲಿಲ್ಲದೆ ಹುಟ್ಟಬಹುದು. ಅಂಥ ಮರಿ ಚಳಿ ತಾಳದು. ತಾಮ್ರದ ಕೊರತೆಯಿಂದ ಕುರಿಯ ಉಣ್ಣೆ ಗುಂಗುರು ಕಳೆದುಕೊಳ್ಳುತ್ತದೆ. ಕಬ್ಬಿಣದ ಕೊರತೆಯಿಂದ ರಕ್ತಹೀನವಾದ ಹಂದಿಮರಿಗಳು ಶೀತಕ್ಕೆ ಬೇಗ ಸೋಲುತ್ತವೆ.

ಮೇವು ಮತ್ತು ತಡೆ

ಹನೂರಿನ ಖುಷ್ಕಿ ಭೂಮಿಯ ರಾಗಿಹುಲ್ಲಿನಲ್ಲಿ ಕ್ಯಾಲ್ಸಿಯಂ ಭತ್ತದ ಹುಲ್ಲಿಗಿಂತ ಹೆಚ್ಚು. ಭತ್ತದ ಹುಲ್ಲಿನ ಆಕ್ಸಲೇಟ್ ಇರುವ ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ. ಎರಡರಲ್ಲೂ ರಂಜಕ ಅಲ್ಪ. ಆದುದರಿಂದ ಹಾಲು ಕರೆಯುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡುವುದು ವಾಡಿಕೆ. ಆದರೆ ಈಯುವ ಮುಂಚಿನ ಎರಡು ಮೂರು ವಾರ ಕ್ಯಾಲ್ಸಿಯಂ ಅತಿಯಾಗಿ ಕೊಟ್ಟರೆ, ಮೂಳೆಯಿಂದ ಅದನ್ನು ಹೊರತೆಗೆಯುವ ವ್ಯವಸ್ಥೆ ಮಂದವಾಗಿ ಹಾಲುಜ್ವರದ ಸಂಭವ ಹೆಚ್ಚುತ್ತದೆ.